ಜಂತ್ರಬಾಗಿಲಿನ ಖರ್ಚು

ಮಾಣಿಗದ್ದೆ ಪಂಚಾಯತಿಯ ಬಿಲ್ ಕಲೆಕ್ಟರ್ ನಾನು,
ಇಪ್ಪತ್ತೊಂದು ವರ್ಷ.
ಯಾರ ಮನೆಯ ನಾಯಿ ಕಚ್ಚುತ್ತದೆ,
ನನ್ನ ಸೈಕಲ್ ಗಂಟೆ ಕೇಳಿ ಯಾರು ಹಿತ್ತಿಲಿಗೆ ಜಾರುತ್ತಾರೆ,
ಎಲ್ಲ ಬಾಯಿಪಾಠ.
ಖಿರ್ದಿ ಪುಸ್ತಕ ಮಾತ್ರ ಬೀರುವಿನಲ್ಲಿ.
ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡೇ ಮಲಗಿದವನು.

ಅಘನಾಶಿನಿ ಉಕ್ಕಿ ಗಜನಿ ಕಟ್ಟೆ ಒಡೆದ ವರ್ಷ
ಕಗ್ಗ ಭತ್ತವೂ ತಾಳದಷ್ಟು ಉಪ್ಪು ನುಗ್ಗಿ
ಮೂರು ಕೇರಿಯ ಕಣ ಖಾಲಿ.
ಆಮೇಲೆ ಯಾವುದೋ ದೇಶದ ದುಡ್ಡು ಬಂತು,
ಹೆಸರು ಹೇಳಲು ನಮ್ಮ ನಾಲಿಗೆ ಹೊರಳಲಿಲ್ಲ.
ನಮ್ಮ ಸರಕಾರವೂ ತನ್ನ ಪಾಲು ಕೂಡಿಸಿತು.
ಶರತ್ತು ಒಂದೇ:
ಬಂದದ್ದು, ಹೋದದ್ದು, ಪೈಸೆ ಪೈಸೆ
ಪಂಚಾಯತಿ ಗೋಡೆಯ ಮೇಲೆ ಬರೆಯಬೇಕು,
ಗೇಣುದ್ದದ ಅಕ್ಷರದಲ್ಲಿ.

ಜಮಾಬಂದಿಯ ದಿನ ಅನೆಲೀಸ್ ಬಂದಳು,
ಬಿಸಿಲಿಗೆ ಬೆಂದ ಸೀಗಡಿಯ ಕೆಂಪು.
ಅವಳ ಮಾತನ್ನು ಕಾರವಾರದ ಹುಡುಗ ಕನ್ನಡ ಮಾಡಿದ:
ಆರ್ಥಿಕ ಉತ್ತರದಾಯಿತ್ವ,
ಪಾರದರ್ಶಕ ಲೆಕ್ಕಪರಿಶೋಧನೆ.
ಜಗಲಿಯ ತುಂಬ ಮೌನ. ಎಲ್ಲೋ ಕೋಳಿ ಕೂಗಿತು.
ಹಮ್ಮು ಗೌಡ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದು
'ಏಡಿಬಿಲ ನೋಡೂದು ಅನ್ನು ತಮಾ, ಗೊತ್ತಾತು' ಎಂದ.

ಅವನ ಅಪ್ಪ ಕಟ್ಟೆ ಕಾವಲಿನವ.
ಹುಣ್ಣಿಮೆ ಅಮಾಸೆಯ ಭರತದ ರಾತ್ರಿ
ಇಡೀ ಕಟ್ಟೆ ಬರಿಗಾಲಲ್ಲಿ ನಡೆದು
ಅಂಗಾಲಿಗೆ ತಣ್ಣಗೆ ತಾಕಿದಲ್ಲಿ ಕೂತು
ಬಿಲಕ್ಕೆ ಮಣ್ಣು ಮೆತ್ತುತ್ತಿದ್ದ.
ಸಮುದ್ರ ಯಾವತ್ತೂ ಕಟ್ಟೆ ಒಡೆದಿಲ್ಲ, ಅನ್ನುತ್ತಿದ್ದನಂತೆ,
ಒಡೆದದ್ದು ಕಿರುಬೆರಳಿನಷ್ಟು ತೂತು.
ವರ್ಷಕ್ಕೆ ಅವನಿಗೆ ಮನೆಗೊಂದು ಸಿದ್ದೆ ಭತ್ತ.
ಅವನ ಕಾಲನ್ನೂ ಊರು ನೋಡುತ್ತಿತ್ತು:
ಬೆಳಿಗ್ಗೆ ಕೆಸರಿಲ್ಲವೋ, ಸಿದ್ದೆಯೂ ಇಲ್ಲ.

ಇಷ್ಟನ್ನು ತಿರುಗಿಸಿ ಹೇಳುವಷ್ಟರಲ್ಲಿ ಹುಡುಗ ಬೆವೆತ.
ಅನೆಲೀಸ್ ಪುಸ್ತಕ ತೆಗೆದು ಏಡಿಯ ಚಿತ್ರ ಬಿಡಿಸಿದಳು.
ಕಾಲು ಆರೇ. ಮಕ್ಕಳು ನಕ್ಕವು.

ಆಮೇಲೆ ನಾನು ಗೋಡೆ ಓದಿದೆ, ಗಟ್ಟಿಯಾಗಿ.
ಜಂತ್ರಕ್ಕೆ ಹೊನ್ನೆ ಹಲಗೆ, ಹದಿನಾಲ್ಕು.
ಕಬ್ಬಿಣದ ಪಟ್ಟಿ, ಆರು.
ಕೆಂಪುಕಲ್ಲು, ಮೂವತ್ತೊಂದು ಲೋಡು.

'ಎಷ್ಟು?'
ಮೀನುಬುಟ್ಟಿ ಕೆಳಗಿಟ್ಟು ನಿಂತಿದ್ದಳು ಬುದವಂತಿ ಹರಿಕಂತ್ರ,
ಹೆಬ್ಬೆಟ್ಟಿನವಳು.
'ಲಾರಿ ನಮ್ಮನೆ ಮುಂದೇ ತಿರುಗ್ತಿತ್ತು ತಮಾ.
ಒಣಮೀನಿನ ಮೇಲೆ ಧೂಳು ಬಿದ್ದಾಗೆಲ್ಲ
ಗೋಡೆಗೆ ಒಂದು ಸುಣ್ಣದ ಗೀಟು ಎಳೆದಿದ್ದೆ.
ಬಾ, ಬೇಕಾದ್ರೆ ಎಣಿಸು. ಇಪ್ಪತ್ತಾರು.'

ಐದು ಲೋಡು.
ಗುತ್ತಿಗೆದಾರ ಚಪ್ಪಲಿ ನೋಡಿಕೊಂಡ.
ಅಧ್ಯಕ್ಷರು ಫ್ಯಾನು ನೋಡಿದರು.
ಬಿಲ್ಲಿಗೆ ಸಿಕ್ಕಾ ಒತ್ತಿದ ಕೈ ನನ್ನದು,
ಮಗಳ ಕಾಲೇಜು ಫೀಸಿನ ವಾರ.
ಸಿಮೆಂಟಿನ ನೆಲ, ಒಣ ನೆಲ,
ಆದರೂ ಅಂಗಾಲಿಗೆ ತಣ್ಣಗೆ ಏನೋ ತಾಕಿತು.

ಸಂಬಳದಲ್ಲಿ ಹನ್ನೆರಡು ಕಂತು ಹಿಡಿದರು.
ಗುತ್ತಿಗೆದಾರ ಈಗ ಬೇರೆ ತಾಲೂಕಿನಲ್ಲಿದ್ದಾನೆ, ಚೆನ್ನಾಗಿದ್ದಾನೆ.
ಅನೆಲೀಸಳ ದೇಶದಲ್ಲೂ ಚುನಾವಣೆಯಾಗಿ
ಆ ಬಾಬತ್ತಿನ ದುಡ್ಡು ನಿಂತಿತಂತೆ.
ಅವಳು ಒಮ್ಮೆ ಕಾರ್ಡು ಬರೆದಳು,
ಕೆಳಗೆ ಒಂದು ಏಡಿ, ಕಾಲು ಎಲ್ಲ ಸರಿಯಾಗಿತ್ತು.

ಬಣ್ಣಕ್ಕೆ ಈಗ ಅನುದಾನವಿಲ್ಲ.
ಬುಧವಾರ ಬುಧವಾರ ಇದ್ದಿಲಿನಲ್ಲಿ ಬರೆಯುತ್ತೇನೆ,
ಮಳೆ ಒರೆಸುತ್ತದೆ, ಮತ್ತೆ ಬರೆಯುತ್ತೇನೆ.
ಖಿರ್ದಿ ಪುಸ್ತಕ ಮೇಜಿನ ಮೇಲೆ, ಗಾಳಿಗೆ ಹಾರದಂತೆ
ಅದೇ ಹಳೆಯ ಬೀಗ ಅದರ ಮೇಲೆ.
ಮೀನು ಮಾರಿ ಬರುವ ಬುದವಂತಿ ನಿಲ್ಲುತ್ತಾಳೆ,
'ಏನ್ ಬರದ್ಯೋ ಓದು.'

ಈ ವಾರ ಇಷ್ಟೇ:
ಮನೆ ತೆರಿಗೆ, ಬುದವಂತಿ ಹರಿಕಂತ್ರ, ಇನ್ನೂರ ನಲವತ್ತು.
ಜಂತ್ರಬಾಗಿಲಿಗೆ ಹೊಸ ಹಗ್ಗ, ಇನ್ನೂರ ಮೂವತ್ತೆಂಟು.
ಉಳಿಕೆ, ಎರಡು.